ಕೇಸರಿ ತಟ್ಟಿಗೆ ನಲವತ್ತಮೂರು ಲೇಯರ್

ರಾತ್ರಿ ಒಂಬತ್ತೂವರೆಗೆ ಫೋನ್ ಬಂದರೆ ಅದು ಸಾಧಾರಣವಾಗಿ ಪ್ರಿಂಟ್ ಅಂಗಡಿಯದ್ದೇ. "ಚೇಟ್ಟಾ, ಫೋಂಟ್ ಇಲ್ಲಲ್ಲೋ." ಅಣ್ಣಾ, ಫಾಂಟ್ ಇಲ್ಲವಲ್ಲ ಅಂತ ಮಲಯಾಳದಲ್ಲಿ ಇಷ್ಟೇ ಮಾತು. ಊಟದ ಕೈ ತೊಳೆದು ಮತ್ತೆ ಕಂಪ್ಯೂಟರ್ ಮುಂದೆ ಕೂರಬೇಕು. ಫೈಲ್ ತೆರೆದು, ಅಕ್ಷರಗಳನ್ನೆಲ್ಲ ಸೆಲೆಕ್ಟ್ ಮಾಡಿ, ಕರ್ವ್ ಮಾಡಿ ಕಳಿಸಬೇಕು. ಕರ್ವ್ ಮಾಡುವುದು ಅಂದರೆ ಅಕ್ಷರವನ್ನು ಬರೀ ಆಕಾರ ಮಾಡಿಬಿಡುವುದು. ಆಮೇಲೆ ಅದನ್ನು ಯಾವ ಕಂಪ್ಯೂಟರಿನಲ್ಲಿ ತೆರೆದರೂ ಹಾಗೇ ಕಾಣುತ್ತದೆ. ಆದರೆ ತಿದ್ದಲಿಕ್ಕೆ ಬರುವುದಿಲ್ಲ. ಒಂದು ದೀರ್ಘ ಬಿಟ್ಟುಹೋಗಿದ್ದರೆ ಮೊದಲಿಂದ ಶುರು.

ಹೊರಗಿನವರು ಕೇಳಿದರೆ ನಾನು ಡಿಜಿಟಲ್ ಆರ್ಟಿಸ್ಟ್ ಅಂತ ಹೇಳುತ್ತೇನೆ. ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಹಾಗೆ ಹೇಳಿದರೆ "ಅಂದ್ರೆ ಎಂತ?" ಅಂತ ಮರುಪ್ರಶ್ನೆ ಬರುತ್ತದೆ. ಇಲ್ಲಿ ನಾನು ಡಿಟಿಪಿ ಅಣ್ಣ. ಮದುವೆ ಕಾಗದ, ಬ್ರಹ್ಮಕಲಶದ ಬ್ಯಾನರ್, ಶಾಲಾ ವಾರ್ಷಿಕೋತ್ಸವ, ಶ್ರದ್ಧಾಂಜಲಿ, ಯಕ್ಷಗಾನದ ಪೋಸ್ಟರ್. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಸಾಫ್ಟ್‌ವೇರಿನಲ್ಲಿ ಇಂಗ್ಲಿಷ್. ಈ ನಾಲ್ಕರ ನಡುವೆ ಹೊಟ್ಟೆಪಾಡು.

ಕರ್ವ್ ಮಾಡದೆ ಕಳಿಸಿದ್ದರ ಕತೆ ಒಂದು ಹೇಳಲೇಬೇಕು. ಆಗ ನಾನು ಕೆಲಸಕ್ಕೆ ಹೊಸಬ. ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ದೊಡ್ಡ ದ್ವಾರದ ಬ್ಯಾನರ್. ಅಕ್ಷರ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೆ. ಪ್ರಿಂಟ್ ಹಾಕುವಲ್ಲಿ ನುಡಿ ಇರಲಿಲ್ಲ. ಅಲ್ಲಿಯ ಹುಡುಗನಿಗೆ ಪರದೆ ಮೇಲೆ ಕಂಡದ್ದು ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ ಬಂದ ಹಾಗೆ ಏನೋ ಒಂದು. ಪಾಪ, ಅವನು ಉಪಕಾರ ಮಾಡುವ ಅಂತ ತನಗೆ ಗೊತ್ತಿದ್ದ ಒಂದು ಹಳೆಯ ಮಲಯಾಳ ಫಾಂಟ್ ಹಾಕಿದ. ಕೂಡಲೇ ಮಲಯಾಳ ಅಕ್ಷರ ಬಂತು. ಸರಿ ಆಯ್ತಲ್ಲ ಅಂತ ಪ್ರಿಂಟ್ ಒತ್ತಿದ.

ಬೆಳಗ್ಗೆ ದ್ವಾರ ಎದ್ದಿತ್ತು. ಎರಡು ದಿನ ಯಾರೂ ಒಂದು ಮಾತಾಡಲಿಲ್ಲ! ಕನ್ನಡದವರು ಇದು ಮಲಯಾಳದವರಿಗೆ ಹಾಕಿದ್ದು ಅಂದುಕೊಂಡರು. ಮಲಯಾಳದವರು ತುಳುವನ್ನೋ ಕನ್ನಡವನ್ನೋ ತಮ್ಮ ಲಿಪಿಯಲ್ಲಿ ಬರೆದಿದ್ದಾರೆ, ಪರವಾಗಿಲ್ಲ, ಒಳ್ಳೆಯ ಮನಸ್ಸು ಅಂದುಕೊಂಡರು. ಮೂರನೇ ದಿನ ಎರಡೂ ಲಿಪಿ ಓದಬಲ್ಲ ಒಬ್ಬರು ಮೇಷ್ಟ್ರು ದ್ವಾರದ ಕೆಳಗೆ ನಿಂತು ಗಟ್ಟಿಯಾಗಿ ಓದಲು ಹೊರಟರು. ಬಾಯಿಂದ ಬಂದದ್ದು ಯಾವ ಭಾಷೆಯೂ ಅಲ್ಲ. ನಾನು ಆ ಹಣ ಕೇಳಲು ಹೋಗಲಿಲ್ಲ.

ಹೀಗಾಗಲು ಕಾರಣ ಇದೆ. ನುಡಿ ಇರಲಿ, ಮಲಯಾಳದ ಆ ಕಾಲದ ಫಾಂಟುಗಳಿರಲಿ, ಎಲ್ಲ ಕೂತಿದ್ದದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಬಾಡಿಗೆ ಮನೆ ಇದ್ದ ಹಾಗೆ. ಒಂದೇ ಕೋಣೆಯಲ್ಲಿ ನುಡಿ ಹಾಕಿದರೆ ಕನ್ನಡದ ಒಂದು ತುಂಡು, ಮಲಯಾಳದ ಫಾಂಟ್ ಹಾಕಿದರೆ ಮಲಯಾಳದ ಒಂದು ತುಂಡು. ಕಂಪ್ಯೂಟರಿಗೆ ಅದು ಯಾವ ಭಾಷೆ ಅಂತ ಗೊತ್ತೇ ಇಲ್ಲ. ಯುನಿಕೋಡ್ ಬಂದ ಮೇಲೆ ಪ್ರತಿ ಲಿಪಿಗೂ ಸ್ವಂತ ಜಾಗ ಸಿಕ್ಕಿತು. ಕನ್ನಡಕ್ಕೆ 128 ಕೋಣೆ, ಮಲಯಾಳಕ್ಕೂ 128. ಕನ್ನಡದ ಕೋಣೆಗಳು ಮುಗಿದ ಮರುಸಂಖ್ಯೆಯಿಂದಲೇ ಮಲಯಾಳದ್ದು ಶುರು. ನಡುವೆ ಒಂದು ಇಂಚು ಜಾಗ ಇಲ್ಲ. ಇದು ಗೊತ್ತಾದ ದಿನ ನಾನು ಒಬ್ಬನೇ ಕೂತು ನಕ್ಕಿದ್ದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಎಳೆದ ಗೆರೆಯ ಬಗ್ಗೆ ನಮ್ಮಲ್ಲಿ ಇನ್ನೂ ಮಾತು ಮುಗಿದಿಲ್ಲ. ಯುನಿಕೋಡಿನಲ್ಲಿ ಮಾತ್ರ ಇಬ್ಬರೂ ಗೋಡೆಗೆ ಗೋಡೆ ತಾಗಿಸಿಕೊಂಡು ಸುಮ್ನೆ ಇದ್ದಾರೆ.

ಫಾಂಟಿನ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ಮುಂಬೈಯ ಏಕ್ ಟೈಪ್‌ನವರು ಬಾಲೂ ಅಂತ ಒಂದು ದಪ್ಪ, ಮುದ್ದಾದ ಫಾಂಟು ಮಾಡಿದ್ದಾರೆ. ಬೇರೆ ಬೇರೆ ಲಿಪಿಗೆ ಬೇರೆ ಬೇರೆ ಹೆಸರು. ಕನ್ನಡದ್ದು ಬಾಲೂ ತಮ್ಮ. ತಮಿಳಿನದ್ದು ಬಾಲೂ ತಂಬಿ. ತೆಲುಗಿನದ್ದು ಬಾಲೂ ತಮ್ಮುಡು. ಮಲಯಾಳದ್ದು ಮಾತ್ರ ಬಾಲೂ ಚೇಟ್ಟನ್. ದಕ್ಷಿಣದ ಈ ನಾಲ್ವರಲ್ಲಿ ಮೂವರು ತಮ್ಮಂದಿರು, ಒಬ್ಬನೇ ಅಣ್ಣ! ಇದನ್ನು ಪ್ರಿಂಟ್ ಅಂಗಡಿಯ ಹುಡುಗನಿಗೆ ತೋರಿಸಿದೆ. ಅವನು ಮುಖದಲ್ಲಿ ಒಂದು ಚೂರೂ ನಗು ಇಲ್ಲದೆ, "ಅದು ಸರಿಯಾಗಿಯೇ ಇದೆಯಲ್ಲ ಚೇಟ್ಟಾ" ಅಂದ. ಅವನೇ ನನ್ನನ್ನು ಚೇಟ್ಟಾ ಅನ್ನುವುದು, ಮತ್ತೆಂತ ಹೇಳುವುದು.

ಎರಡು ಲಿಪಿಯನ್ನು ಒಂದೇ ಬೋರ್ಡಿನಲ್ಲಿ ಕೂರಿಸುವುದು ಹೊರಗಿನವರಿಗೆ ಸಣ್ಣ ಕೆಲಸ ಅನಿಸಬಹುದು. ಒಂದೇ ಸೈಜು ಕೊಟ್ಟರೆ ಒಂದೇ ಹಾಗೆ ಕಾಣುವುದಿಲ್ಲ. ಮಲಯಾಳದಲ್ಲಿ 1971ರಲ್ಲಿ ಲಿಪಿ ಸುಧಾರಣೆ ಆಯಿತು. ಟೈಪ್‌ರೈಟರಿಗೆ ಹೊಂದಲಿ ಅಂತ ಎಷ್ಟೋ ಕೂಡಕ್ಷರ ಬಿಡಿಸಿದರು. ಅಕ್ಷರಕ್ಕೆ ಅಂಟಿಕೊಂಡಿದ್ದ ಉಕಾರ ಬೇರೆಯಾಗಿ ಪಕ್ಕಕ್ಕೆ ಬಂದು ನಿಂತಿತು. ಹಾಗಾಗಿ ಹೊಸ ಲಿಪಿಯ ಮಲಯಾಳ ಅಡ್ಡಡ್ಡಕ್ಕೆ ಹೋಗುತ್ತದೆ. ನಮ್ಮದು ಕೆಳಕ್ಕೆ ಇಳಿಯುತ್ತದೆ. 'ಲಕ್ಷ್ಮೀ' ಅಂತ ಬರೆದು ನೋಡಿ. ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ಕಾಲು ತಾಗಿಸುತ್ತದೆ. ಸಾಲಿನ ನಡುವೆ ಜಾಗ ಜಾಸ್ತಿ ಕೊಡಬೇಕು. ಕೊಟ್ಟರೆ ಕನ್ನಡಕ್ಕೆ ಹೆಚ್ಚು ಜಾಗ ಯಾಕೆ ಅಂತ ಒಬ್ಬರು ಕೇಳುತ್ತಾರೆ. ಕೊಡದಿದ್ದರೆ ಕನ್ನಡ ಸಣ್ಣ ಯಾಕೆ ಅಂತ ಇನ್ನೊಬ್ಬರು. ನಾನು ಸ್ಕೇಲ್ ಇಟ್ಟು ಅಳೆಯುವುದನ್ನು ಬಿಟ್ಟಿದ್ದೇನೆ. ಕಣ್ಣಿಗೆ ಸಮ ಕಂಡರೆ ಸಮ.

ಕೆಲಸ ಕಲಿತದ್ದು ಒಂದು ಡಿಟಿಪಿ ಅಂಗಡಿಯಲ್ಲಿ. ಕೊರೆಲ್‌ಡ್ರಾ, ಪೇಜ್‌ಮೇಕರ್, ಮತ್ತು ಹೊಡೆತ ತಿಂದು ತಿಂದು ಸವೆದ ಒಂದು ಮೌಸು. ಆಮೇಲೆ ಕೆಲವು ವರ್ಷ ಮಂಗಳೂರಿನಲ್ಲಿ ಮದುವೆ ಆಲ್ಬಂ ಡಿಸೈನ್. ದಿನಕ್ಕೆ ಇನ್ನೂರು ಮುಖದ ಮೊಡವೆ ತೆಗೆದಿದ್ದೇನೆ. ಆಗ ಕೈಗೆ ಬಂದ ಒಂದು ವಿದ್ಯೆ ಈಗಲೂ ಉಪಯೋಗಕ್ಕೆ ಬರುತ್ತದೆ: ಯಾರ ಮುಖವೂ ಎಡಕ್ಕೂ ಬಲಕ್ಕೂ ಒಂದೇ ಇರುವುದಿಲ್ಲ. ಇದು ಗೊತ್ತಿದ್ದೂ ಒಮ್ಮೆ ಮರೆತೆ. ಅದು ಮುಂದೆ ಬರುತ್ತದೆ.

ಚಿತ್ರ ಬರೆಯುವುದು ನಿಜವಾಗಿ ಶುರುವಾದದ್ದು ಭಾವ ದುಬೈಯಿಂದ ಒಂದು ಪೆನ್ ಟ್ಯಾಬ್ಲೆಟ್ ತಂದ ಮೇಲೆ. ಕಪ್ಪು ಹಲಗೆ, ಒಂದು ಪೆನ್ನು. ಪೆನ್ನಿಗೆ ಬ್ಯಾಟರಿಯೇ ಇಲ್ಲ. ಹಲಗೆಯೊಳಗಿನ ತಂತಿ ಸುರುಳಿಗಳೇ ಅದಕ್ಕೆ ಶಕ್ತಿ ಕೊಡುವುದು. ಮೌಸಿನಲ್ಲಿ ಗೆರೆ ಎಳೆದರೆ ಅದು ಒಂದೇ ದಪ್ಪ. ಇದರಲ್ಲಿ ಒತ್ತಿದರೆ ದಪ್ಪ, ಬಿಟ್ಟರೆ ತೆಳು. ಈಗಿನ ಪೆನ್ನುಗಳು ಒತ್ತಡದ 8192 ಹಂತ ಗುರುತಿಸುತ್ತವೆಯಂತೆ. ನನ್ನ ಕೈಗೆ ಅದರಲ್ಲಿ ಹೆಚ್ಚೆಂದರೆ ಹತ್ತು ಗೊತ್ತು. ಅಮ್ಮ ಮೊದಲ ದಿನ ನೋಡಿ, "ಬರೆಯುವುದು ಇಲ್ಲಿ, ಕಾಣುವುದು ಅಲ್ಲಿಯಾ?" ಅಂದಳು. ಹೌದು, ಅದಕ್ಕೆ ಒಗ್ಗಿಕೊಳ್ಳಲಿಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. ಕೈ ನೋಡದೆ ಬರೆಯುವುದು ಅಂದರೆ ಕತ್ತಲೆಯಲ್ಲಿ ಚಿಲಕ ಹುಡುಕಿದ ಹಾಗೆ.

ನಮ್ಮ ಕೆಲಸಕ್ಕೂ ಯಕ್ಷಗಾನ ಮೇಳದ ಹಾಗೆ ಒಂದು ತಿರುಗಾಟ ಇದೆ. ದೀಪಾವಳಿ ಕಳೆದ ಮೇಲೆ ಶುರು. ಜಾತ್ರೆ, ತುಳುವರ ಭೂತಗಳ ನೇಮ, ಮಲಯಾಳದವರ ತೆಯ್ಯಂ, ಯಕ್ಷಗಾನದ ಆಟ, ಮದುವೆ. ಬೇಸಗೆ ಮುಗಿಯುವ ಹೊತ್ತಿಗೆ ಕಣ್ಣು ಕೆಂಪು. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ನನ್ನ ಫೋನೂ ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಕೆಲಸ ಕಡಿಮೆ, ಹಣ ಅದಕ್ಕಿಂತ ಕಡಿಮೆ, ಕರೆಂಟು ಎರಡಕ್ಕಿಂತಲೂ ಕಡಿಮೆ. ಆದರೆ ನನ್ನ ಸ್ವಂತ ಚಿತ್ರ ಎಲ್ಲ ಹುಟ್ಟಿದ್ದು ಆಟಿ ತಿಂಗಳಿನಲ್ಲೇ. ಹೊರಗಿನ ಊರುಗಳಿಗೆ ಮಕ್ಕಳ ಪುಸ್ತಕದ ಚಿತ್ರ ಮಾಡುವುದೂ ಆಗಲೇ. ಎ4 ಪುಟವನ್ನು ಅಚ್ಚಿಗೆ ಸರಿಯಾಗಿ ಮಾಡಿದರೆ 2480 ಗುಣಿಸು 3508 ಚುಕ್ಕಿ. ಹತ್ತಿರ ಹತ್ತಿರ 87 ಲಕ್ಷ. ಹತ್ತು ಗುಣಿಸು ಆರು ಅಡಿಯ ಬ್ಯಾನರಿಗೆ ಚುಕ್ಕಿ ಅಷ್ಟು ಒತ್ತಾಗಿ ಬೇಡ, ದೂರದಿಂದ ನೋಡುವುದಲ್ವಾ. ಇಂಚಿಗೆ 72 ಇಟ್ಟರೂ ನಡೆಯುತ್ತದೆ. ಇದು ಗೊತ್ತಿಲ್ಲದ ಗಿರಾಕಿಗಳು ವಾಟ್ಸಾಪಿನಿಂದ ಇಳಿಸಿದ ಉಗುರು ಗಾತ್ರದ ಫೋಟೋ ಕಳಿಸಿ, "ಇದನ್ನು ದೊಡ್ಡದು ಮಾಡಿ ದ್ವಾರಕ್ಕೆ ಹಾಕಿ" ಅನ್ನುತ್ತಾರೆ.

ಎಷ್ಟು ದೊಡ್ಡದು ಮಾಡಿದರೂ ಒಡೆಯದ ಚಿತ್ರ ನನಗೆ ಗೊತ್ತಿರುವುದು ಒಂದೇ. ಅದು ಮಧೂರಿನ ಗಣಪತಿ. ಹುಡುಗನೊಬ್ಬ ಆಟವಾಡುತ್ತಾ ಗರ್ಭಗುಡಿಯ ತೆಂಕು ಗೋಡೆಯ ಮೇಲೆ ಬರೆದ ಚಿತ್ರವಂತೆ ಅದು. ದಿನ ದಿನಕ್ಕೆ ದಪ್ಪ ಆಗುತ್ತಾ ಹೋಯಿತು, ಹುಡುಗ ಬೊಡ್ಡಜ್ಜ ಅಂತ ಕರೆದ ಅಂತ ಐತಿಹ್ಯ. ಚಿಕ್ಕಂದಿನಲ್ಲಿ ಅಜ್ಜಿ ಇದನ್ನು ಹೇಳುವಾಗ ಭಯ ಆಗುತ್ತಿತ್ತು. ಈಗ ಅಲ್ಲಿ ಕೈಮುಗಿದು ನಿಂತರೆ ಮನಸ್ಸಿನ ಒಂದು ಮೂಲೆ, ವೆಕ್ಟರ್ ಫೈಲ್ ಇರಬೇಕು ಅನ್ನುತ್ತದೆ. ಬೊಡ್ಡಜ್ಜ ಕ್ಷಮಿಸುತ್ತಾನೆ. ಚಿತ್ರ ಬರೆದ ಹುಡುಗನ ಹೆಸರನ್ನು ಯಾರೂ ನೆನಪಿಟ್ಟುಕೊಂಡಿಲ್ಲ ಅನ್ನುವುದನ್ನು ಮಾತ್ರ ನಾನು ಗಮನಿಸಿದ್ದೇನೆ. ನಮ್ಮ ಕಸುಬು ಆಗಲೂ ಹೀಗೇ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು. ರಸ್ತೆಗೆ ಮಣ್ಣು ಬಿತ್ತು. ಆಸ್ಪತ್ರೆಗೆ ಹೋಗಲಾಗದೆ ಜನ ಸತ್ತದ್ದು ಎಲ್ಲರಿಗೂ ಗೊತ್ತಿದೆ, ಅದರ ಮುಂದೆ ನನ್ನ ಕಷ್ಟ ಕಷ್ಟವೇ ಅಲ್ಲ. ಮುನ್ನೂರು ಮದುವೆ ಕಾಗದ ಮಂಗಳೂರಿನ ಪ್ರೆಸ್ಸಿನಲ್ಲಿ ಉಳಿಯಿತು. ಮದುವೆ ಅಂಗಳದಲ್ಲಿ ಇಪ್ಪತ್ತು ಜನರ ಎದುರು ಆಯಿತು. ಅದೇ ಕಾಗದವನ್ನು ಫೋನಿಗೆ ಸರಿಯಾಗಿ ಉದ್ದಕ್ಕೆ ಮಾಡಿಕೊಟ್ಟೆ. ಅಲ್ಲಿಂದ ಕೆಲಸದ ರೀತಿಯೇ ಬದಲಾಯಿತು. ಈಗ ಅರ್ಧಕ್ಕರ್ಧ ಕೆಲಸ ಕಾಗದ ಮುಟ್ಟುವುದೇ ಇಲ್ಲ. ಅದಕ್ಕಿಂತ ಮೊದಲು, 2019ರಲ್ಲಿ, ಕೇರಳ ಸರಕಾರ ಪಿವಿಸಿ ಫ್ಲೆಕ್ಸ್ ನಿಷೇಧಿಸಿತ್ತು. ಬಟ್ಟೆ ಬಂತು. ಜನ ಬಟ್ಟೆಯನ್ನೂ ಫ್ಲೆಕ್ಸ್ ಅಂತಲೇ ಕರೆಯುತ್ತಾರೆ.

ಫೋನಿನಲ್ಲಿ ಒಂದು ಸುಖ ಇದೆ. ಬಣ್ಣ ಮೋಸ ಮಾಡುವುದಿಲ್ಲ. ಪರದೆ ಮೇಲೆ ಕೆಂಪು, ಹಸಿರು, ನೀಲಿ ಬೆಳಕು ಸೇರಿ 1,67,77,216 ಬಣ್ಣ ಆಗುತ್ತದೆ. ಅಚ್ಚಿನಲ್ಲಿ ಇರುವುದು ನಾಲ್ಕು ಶಾಯಿ. ಪರದೆಯ ಮೇಲೆ ಹಣ್ಣಡಿಕೆಯ ಹಾಗೆ ಹೊಳೆಯುವ ಕೇಸರಿ ಬಣ್ಣ ಬಟ್ಟೆ ಮೇಲೆ ಬಂದಾಗ ಒಣಗಿದ ಅಡಿಕೆ ಸಿಪ್ಪೆ. ಗಿರಾಕಿ ಫೋನಿನಲ್ಲಿ ಕಂಡದ್ದನ್ನೇ ಕೇಳುತ್ತಾನೆ. ಅವನದ್ದು ತಪ್ಪಲ್ಲ. ಬೆಳಕಿನ ಬಣ್ಣಕ್ಕೂ ಶಾಯಿಯ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ಹೇಗೆ ಹೇಳುವುದು? ನಾನು ಹೇಳುವುದು ಹೀಗೆ: "ಕನ್ನಡಿಯಲ್ಲಿ ಕಾಣುವ ದೀಪಕ್ಕೆ ಕೈ ಸುಡ್ತದಾ?" ಅರ್ಥ ಆದವರು ತಲೆ ಆಡಿಸುತ್ತಾರೆ. ಆಗದವರಿಗೆ ಮೆಜೆಂಟಾ 100, ಯೆಲ್ಲೋ 100. ಅಂಗಡಿಯ ಕೆಂಪು ಅದು. ಎಲ್ಲರಿಗೂ ಇಷ್ಟ.

ನನ್ನ ಸ್ವಂತ ಕೆಲಸದಲ್ಲಿ ಬಹಳ ಕಾಲ ಕಾಡಿದ್ದು ಕಪ್ಪು. ನಮ್ಮ ತೋಟದ ಮೇಲೆ ಗುಡ್ಡದಲ್ಲಿ ಒಂದು ಸುರಂಗ ಇದೆ. ಕಾಸರಗೋಡಿನ ಈ ಒಳಭಾಗದಲ್ಲಿ ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು. ಒಬ್ಬ ನಿಂತು ಪಿಕ್ಕಾಸು ಬೀಸುವಷ್ಟೇ ಅಗಲ. ಕೊರೆಯುವವರು ಒಳಗೆ ಮೊಂಬತ್ತಿ ಇಟ್ಟುಕೊಳ್ಳುತ್ತಿದ್ದರು. ಅದು ನಂದಿದರೆ ಗಾಳಿ ಸಾಲದು, ಹೊರಗೆ ಬರಬೇಕು. ಅದನ್ನು ಬರೆಯಬೇಕು ಅಂತ ಮೂರು ಮಳೆಗಾಲ ಕೂತೆ. ಮೊದಲು ಬರೆದದ್ದು ಪೂರ್ತಿ ಕಪ್ಪು, ನಡುವೆ ಒಂದು ದೀಪ. ನೋಡಿದವರು, "ಇದು ಬಾವಿಯಾ?" ಅಂತ ಕೇಳಿದರು. ಮತ್ತೆ ಹೋಗಿ ಒಳಗೆ ಕೂತೆ. ಐದು ನಿಮಿಷ ಏನೂ ಕಾಣಲಿಲ್ಲ. ಹತ್ತು ನಿಮಿಷಕ್ಕೆ ಗೋಡೆ ಕಂಡಿತು. ಅದು ಕಪ್ಪಲ್ಲ. ತೀರಾ ಒದ್ದೆಯಾದ ಕಡು ಕೆಂಪು, ಅಲ್ಲಲ್ಲಿ ನೇರಳೆ, ನೀರು ಒಸರುವಲ್ಲಿ ಒಂದು ಹಸಿರು. ಬಾವಿಯ ಕತ್ತಲೆ ಮೇಲಿಂದ ಇಳಿಯುತ್ತದೆ, ಸುರಂಗದ್ದು ಹಿಂದಿನಿಂದ ಬರುತ್ತದೆ. ಈಗ ನನ್ನ ಆ ಚಿತ್ರದಲ್ಲಿ ಶುದ್ಧ ಕಪ್ಪಿನ ಒಂದು ಚುಕ್ಕಿ ಸಹ ಇಲ್ಲ. ಕಡಿಮೆ ಬೆಳಕಿನ ಫೋನಿನಲ್ಲಿ ನೋಡಿದರೆ ಏನೂ ಕಾಣುವುದಿಲ್ಲ. ಹತ್ತು ನಿಮಿಷ ನೋಡಿ ಅಂತ ಯಾರಿಗೆ ಹೇಳುವುದು?

ಹಾಗೆ ನೋಡಿದರೆ ಇಪ್ಪತ್ತು ವರ್ಷದಲ್ಲಿ ನಾನು ಕಲಿತದ್ದೆಲ್ಲ ಇಂಥದ್ದೇ. ಪಕ್ಕ ಪಕ್ಕದ ಎರಡು ವಸ್ತು ಎಲ್ಲಿ ಬೇರೆ ಅನ್ನುವುದು. ಹುಲಿಗೂ ಆನೆಗೂ ಇರುವ ವ್ಯತ್ಯಾಸ ಯಾರಾದರೂ ಬರೆದಾರು. ನೇಮದಲ್ಲಿ ಬೆನ್ನಿಗೆ ಕಟ್ಟುವ ಅಣಿಗೂ ತೆಯ್ಯದ ತಲೆ ಮೇಲಿನ ಮುಡಿಗೂ ಇರುವ ವ್ಯತ್ಯಾಸ ಬರೆಯಬೇಕಾದರೆ ಈ ಕಡೆಯವನೇ ಆಗಬೇಕು, ಅವನಿಗೂ ಆಗಾಗ ತಪ್ಪುತ್ತದೆ. ಒಂದು ಮಾತು ನನಗೆ ಬಹಳ ಇಷ್ಟ. ತೆಯ್ಯದ ಮುಖದ ಬಣ್ಣಕ್ಕೆ ಮಲಯಾಳದಲ್ಲಿ ಮುಖತ್ತೆಳುತ್ತ್ ಅನ್ನುತ್ತಾರೆ. ಮುಖದ ಮೇಲಿನ ಬರವಣಿಗೆ. ನಾವಾದರೋ ಕಾಗದದ ಮೇಲಿನ ಚಿತ್ರವನ್ನೂ ಬರೆಯುವುದೇ, ಮುಖಕ್ಕೆ ಮಾತ್ರ ಬಣ್ಣ ಹಾಕುವುದು. ಅವರು ಚಿತ್ರಕ್ಕೆ ಬೇರೆ ಮಾತು ಇಟ್ಟುಕೊಂಡು, ಮುಖಕ್ಕೆ ಬರೆಯುತ್ತಾರೆ.

ಕಳೆದ ತಿರುಗಾಟದಲ್ಲಿ ಒಂದು ಆಟದ ಪೋಸ್ಟರ್ ಕೆಲಸ ಬಂತು. ಸಮಿತಿಯ ಹುಡುಗನೊಬ್ಬ ಮೊದಲೇ ಎಐಯಲ್ಲಿ ಮಾಡಿಸಿದ್ದ ಚಿತ್ರ ಕಳಿಸಿದ. "ಅಣ್ಣ, ಇದೇ ಹಾಗೆ ಮಾಡಿ. ಅಕ್ಷರ ಮಾತ್ರ ಸರಿ ಮಾಡಿದ್ರೆ ಸಾಕು. ಅದಕ್ಕೆ ಎಷ್ಟಾಗ್ತದೆ?" ಚಿತ್ರ ನೋಡಲಿಕ್ಕೆ ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಬೇಕು. ಹಿಂದಿನಿಂದ ಬೆಳಕು, ಹೊಗೆ, ಕಿಡಿ. ನಡುವೆ ಒಬ್ಬ ರಕ್ಕಸ. ಸೊಂಟದಿಂದ ಕೆಳಗೆ ಕಥಕಳಿಯ ಕೊಡೆಯಂಥ ಉಡುಗೆ. ಅದರ ಮೇಲೆ ಬಡಗುತಿಟ್ಟಿನ, ಅಂದರೆ ಉತ್ತರದ ಕಡೆಯ ಯಕ್ಷಗಾನದ, ಚೌಕುಳಿ ಸೀರೆ. ತಲೆ ಮೇಲೆ ತೆಯ್ಯದ ಮುಡಿಯಂಥದ್ದು. ಮುಖ ಹಸಿರು, ಕಥಕಳಿಯ ನಾಯಕನ ಪಚ್ಚೆ. ಅಕ್ಷರಗಳು ದೂರದಿಂದ ಕನ್ನಡ, ಹತ್ತಿರ ಹೋದರೆ ಕನ್ನಡದ ಹೊಟ್ಟೆಗೆ ತೆಲುಗಿನ ತಲೆಕಟ್ಟು. ನನ್ನ ಆ ಹಳೆಯ ದ್ವಾರ ನೆನಪಾಯಿತು.

2022ರಲ್ಲಿ ಈ ಚಿತ್ರ ಮಾಡುವ ಯಂತ್ರಗಳು ಎಲ್ಲರ ಕೈಗೆ ಬಂದಾಗ ನನಗೂ ನಿದ್ದೆ ಬರಲಿಲ್ಲ. ಕೆಲವು ಕೆಲಸ ಹೋಗಿದೆ. ಹುಟ್ಟುಹಬ್ಬದ ಕಾರ್ಡು ಈಗ ನನ್ನ ಹತ್ತಿರ ಯಾರೂ ಕೇಳುವುದಿಲ್ಲ. ನಾನೂ ಫೋಟೋದ ಹಿನ್ನೆಲೆ ತೆಗೆಯಲು ಅಂಥದ್ದೇ ಯಂತ್ರದ ಸಹಾಯ ಪಡೆಯುತ್ತೇನೆ, ಕೂದಲು ಕತ್ತರಿಸುವ ಆ ಬೇಸರದ ಕೆಲಸ ಹೋದದ್ದಕ್ಕೆ ಅಳುವವನು ನಾನಲ್ಲ. ಆದರೆ ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು ಕುಂಬಳೆ ಇಲ್ಲಿಂದ ದೂರ ಏನಲ್ಲ. ಇಲ್ಲಿಯ ಆಟಕ್ಕೆ ಆ ಪೋಸ್ಟರ್ ಹಾಕುವುದು ಅಂದರೆ ನೆಂಟರ ಮದುವೆ ಕಾಗದದಲ್ಲಿ ಪಕ್ಕದ ಮನೆಯವರ ಫೋಟೋ ಹಾಕಿದ ಹಾಗೆ. ಇದು ನಮ್ಮ ಕಡೆಯ ತೆಂಕುತಿಟ್ಟು ಅಲ್ಲ ಮಾರಾಯ ಅಂದೆ. ಹುಡುಗ, "ಯಾರು ನೋಡ್ತಾರೆ ಅಣ್ಣ?" ಅಂದ. ಅದು ಕೆಟ್ಟ ಪ್ರಶ್ನೆ ಏನಲ್ಲ. ದ್ವಾರವನ್ನು ಎರಡು ದಿನ ಯಾರೂ ನೋಡಿರಲಿಲ್ಲವಲ್ಲ.

ನಾನು ಬೇರೆ ಮಾಡಿಕೊಡುತ್ತೇನೆ, ಅದೇ ಹಣಕ್ಕೆ ಅಂದೆ. ಇಂಥ ಮಾತು ಆಡಿಯೇ ನಾನು ಮನೆಗೆ ಇನ್ನೂ ಮಾಡು ಹಾಕಿಸಿಲ್ಲ.

ಬಣ್ಣದ ವೇಷ ಬರೆದೆ. ತಲೆಗೆ ಕೇಸರಿ ತಟ್ಟಿ. ತೆಂಕಿನ ರಕ್ಕಸರಿಗೆ ತಲೆ ಹಿಂದೆ ಕಟ್ಟುವ ಆ ದೊಡ್ಡ ತಟ್ಟಿ ಇದೆಯಲ್ಲ, ಅದು. ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಪದರ ಇಟ್ಟು ಬರೆಯುವುದು, ಅದಕ್ಕೆ ಒಂದಕ್ಕೇ ನಲವತ್ತಮೂರು ಲೇಯರ್ ಆಯಿತು. ಮುಖ ಬರೆಯುವಾಗ ಸಮಯ ಸಾಲಲಿಲ್ಲ. ಸಾಫ್ಟ್‌ವೇರಿನಲ್ಲಿ ಸಿಮೆಟ್ರಿ ಅಂತ ಒಂದು ಸೌಲಭ್ಯ ಇದೆ. ಎಡಗಡೆ ಬರೆದರೆ ಬಲಗಡೆ ತಾನೇ ಬರುತ್ತದೆ. ಅರ್ಧ ಮುಖ ಬರೆದು ಪೂರ್ತಿ ಮುಖ ಪಡೆದೆ. ಕೊಡುವ ಮೊದಲು ಒಮ್ಮೆ ತಿಳಿದವರಿಗೆ ತೋರಿಸುವ ಅಂತ ಅನಿಸಿತು. ಗೆಳೆಯನ ಸೋದರಮಾವ ಬಣ್ಣದ ವೇಷಧಾರಿ. ನಾವೂ ಮಾವ ಅಂತಲೇ ಕರೆಯುವುದು. ಅವತ್ತು ಹತ್ತಿರದಲ್ಲೇ ಅವರ ಮೇಳದ ಆಟ ಇತ್ತು. ಟ್ಯಾಬ್ಲೆಟ್ ಹಿಡಿದುಕೊಂಡು ವೇಷ ಕಟ್ಟುವ ಚೌಕಿಗೆ ಹೋದೆ.

ಮಾವ ಕನ್ನಡಿ ಎದುರು ಕೂತಿದ್ದರು. ಕಥಕಳಿಯವರಾದರೆ ನೆಲದಲ್ಲಿ ಮಲಗುತ್ತಾರೆ, ಮುಖದ ಮೇಲೆ ಎಬ್ಬಿಸುವ ಬಿಳಿ ಚುಟ್ಟಿಯನ್ನು ಬೇರೆಯವರು ಹಾಕುತ್ತಾರೆ. ನಮ್ಮಲ್ಲಿ ವೇಷಧಾರಿ ತನ್ನ ಮುಖವನ್ನು ತಾನೇ ಬರೆದುಕೊಳ್ಳಬೇಕು. ಮೊದಲು ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆ, ಬಿಳಿ ಸಫೇತ, ಎಲ್ಲ ಎಣ್ಣೆಯಲ್ಲಿ ಕಲಸಿ ಬಳಸುತ್ತಿದ್ದರಂತೆ. ಈಗ ಎಷ್ಟೋ ಬಣ್ಣ ಅಂಗಡಿಯಿಂದ ಬರುತ್ತದೆ. ಚುಟ್ಟಿ ಮಾತ್ರ ಅದೇ ಅಕ್ಕಿಹಿಟ್ಟು, ಸುಣ್ಣ. ಕಡ್ಡಿಯಲ್ಲಿ ಅದ್ದಿ ಒಂದೊಂದೇ ಚುಕ್ಕೆ ಇಡುತ್ತಾ ಹೋಗಬೇಕು. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಗಂಟೆಗಟ್ಟಲೆ ಕೆಲಸ. ನಾನು ಬಾಯಿ ಮುಚ್ಚಿ ಕೂತೆ. ಚುಟ್ಟಿ ಇಡುವವರನ್ನು ಮಾತಾಡಿಸಬಾರದು, ನಕ್ಕರೆ ಕೆನ್ನೆ ಬಿರುಕು ಬಿಡುತ್ತದೆ.

ಒಂದು ಕಡೆ ಮುಗಿದಾಗ ಅವರೇ ಕೈ ಚಾಚಿದರು. ಟ್ಯಾಬ್ಲೆಟ್ ಕೊಟ್ಟೆ. ತುಟಿ ಅಲ್ಲಾಡಿಸದೆ ಮಾತಾಡಿದರು.

"ಇವನಿಗೆ ಎರಡು ಬಲಗೈ ಉಂಟಾ?"

ನನಗೆ ತಿಳಿಯಲಿಲ್ಲ.

"ಬಲಗೆನ್ನೆಗೆ ಬಲಗೈ ಸಲೀಸಾಗಿ ಹೋಗ್ತದೆ. ಎಡಗೆನ್ನೆಗೆ ಹೋಗ್ಲಿಕ್ಕೆ ಮುಖಕ್ಕೆ ಅಡ್ಡ ಬರಬೇಕು. ಕನ್ನಡಿಯಲ್ಲಿ ಅರ್ಧ ಮರೆ ಆಗ್ತದೆ. ಅಂದಾಜಿಗೆ ಇಡುದು. ಎರಡೂ ಒಂದೇ ಹಾಗೆ ಯಾವನಿಗೂ ಬರುದಿಲ್ಲ. ಬಂದ್ರೆ ಅದು ಮುಖವಾಡ."

ಮೊಡವೆ ತೆಗೆದು ಕಲಿತ ವಿದ್ಯೆ ಆಗ ನೆನಪಿಗೆ ಬಂತು. ಕಿವಿ ಬಿಸಿಯಾಯಿತು.

ಇನ್ನೂ ಎರಡು ಹೇಳಿದರು. ನನ್ನ ಚುಟ್ಟಿ ಬಿಳಿ ಸೊನ್ನೆಗಳ ಸಾಲಿನ ಹಾಗಿತ್ತು. ನಿಜದಲ್ಲಿ ಅದು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತದೆ, ಪ್ರತಿ ಮುಳ್ಳಿಗೂ ಒಂದು ನೆರಳು. ಮತ್ತೆ ಗದ್ದದ ಅಂಚಿಗೆ ನಾನು ಎಳೆದಿದ್ದ ಬಿಳಿ ಏಣು. ಅದನ್ನು ನೋಡಿ ಕಣ್ಣಲ್ಲೇ ನಕ್ಕರು. "ಇದು ಆಚೆಯವರ ಗದ್ದ." ಎಐ ಚಿತ್ರದಲ್ಲಿ ಕಥಕಳಿ ಸೇರಿದೆ ಅಂತ ಹುಡುಗನಿಗೆ ದೊಡ್ಡ ಭಾಷಣ ಕೊಟ್ಟವನು ನಾನು. ನನ್ನ ಚಿತ್ರದೊಳಗೂ ಅದು ಗದ್ದದ ದಾರಿಯಿಂದ ಬಂದು ಕೂತಿತ್ತು. ಚಿಕ್ಕಂದಿನಿಂದ ಕ್ಯಾಲೆಂಡರಿನಲ್ಲಿ, ಪ್ರವಾಸೋದ್ಯಮದ ಬೋರ್ಡಿನಲ್ಲಿ, ಬಿಸ್ಕತ್ತು ಡಬ್ಬಿಯಲ್ಲಿ ನೋಡಿದ ಗದ್ದ ಅದು. ಕೈಗೆ ಅದೇ ಅಭ್ಯಾಸ.

"ಬೆಳಕು ಎಲ್ಲಿಂದ?" ಅಂತ ಕೊನೆಗೆ ಕೇಳಿದರು. ಮೇ‍ಲಿಂದ, ಸ್ಪಾಟ್‌ಲೈಟ್ ಅಂದೆ. ಅವರ ಗುರುಗಳ ಕಾಲದಲ್ಲಿ ದೀವಟಿಗೆ ಕೆಳಗಿನಿಂದ, ಬದಿಯಿಂದ ಇರುತ್ತಿತ್ತಂತೆ. ಮುಳ್ಳಿನ ನೆರಳು ಮೇಲಕ್ಕೆ ಬೀಳುತ್ತಿತ್ತು. ಆಮೇಲೆ ಗ್ಯಾಸ್‌ಲೈಟ್, ಟ್ಯೂಬ್‌ಲೈಟ್, ಈಗ ಎಲ್‌ಇಡಿ. "ಈಗ ಚುಟ್ಟಿ ಇಟ್ರೂ ಒಂದೇ, ಸುಣ್ಣ ಬಳಿದ್ರೂ ಒಂದೇ. ಎಲ್ಲ ಬೆಳ್ಳಗೆ ಕಾಣ್ತದೆ." ಹಾಗೆ ಹೇಳಿ ಕಡ್ಡಿ ತೆಗೆದುಕೊಂಡು ಎಡಗೆನ್ನೆಗೆ ಶುರು ಮಾಡಿದರು. ಎಲ್ಲ ಬೆಳ್ಳಗೆ ಕಾಣುವ ಬೆಳಕಿಗೆ ಹೋಗಿ ನಿಲ್ಲಲು, ಒಂದೊಂದೇ ಮುಳ್ಳು.

ಮನೆಗೆ ಬಂದು ಸಿಮೆಟ್ರಿ ಆಫ್ ಮಾಡಿದೆ. ಎಡ ಅರ್ಧವನ್ನು ಪೂರ್ತಿ ಅಳಿಸಿದೆ. ನನ್ನ ಬಲಗೈಯನ್ನೇ ಮುಖಕ್ಕೆ ಅಡ್ಡ ಹಿಡಿದು, ಕನ್ನಡಿಯಲ್ಲಿ ಏನು ಕಾಣುತ್ತದೆ, ಏನು ಮರೆಯಾಗುತ್ತದೆ ಅಂತ ನೋಡಿ ನೋಡಿ ಬರೆದೆ. ಅಮ್ಮ ನೀರು ಕುಡಿಯಲು ಎದ್ದವಳು ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹೋದಳು. ಬೆಳಕನ್ನು ಕೆಳಗಿಳಿಸಿದೆ. ದೀವಟಿಗೆಯ ಬೆಳಕಿನಲ್ಲಿ ನೀಲಿ ತುಂಬಾ ಕಡಿಮೆ. ಬಿಳಿ ಎಲ್ಲ ಬೆಣ್ಣೆ ಕಾಯಿಸಿದ ಬಣ್ಣಕ್ಕೆ ತಿರುಗಿತು. ಕೇಸರಿ ತಟ್ಟಿಯ ಹಿಂದೆ ಶುದ್ಧ ಕಪ್ಪು ಇತ್ತು. ಅದನ್ನು ತೆಗೆದು ಸುರಂಗದ ಕೆಂಪು ಹಾಕಿದೆ. ಗದ್ದ ಒರೆಸಿದೆ. ಬೆಳಗಾಯಿತು.

ಮುಖ ನೋಡಿದೆ. ಮೊದಲ ಸಲ ಅದು ನನ್ನನ್ನು ತಿರುಗಿ ನೋಡಿತು.

ಅಕ್ಷರ ಎಲ್ಲ ಕರ್ವ್ ಮಾಡಿ, ಎರಡು ಸಲ ಓದಿ, ಸಮಿತಿಗೆ ಕಳಿಸಿ ಮಲಗಿದೆ. ಹನ್ನೊಂದು ಗಂಟೆಗೆ ಉತ್ತರ ಬಂದಿತ್ತು. ಒಂದು ಕೈಮುಗಿದ ಚಿತ್ರ. "ಸೂಪರ್ ಅಣ್ಣ. ಅಧ್ಯಕ್ಷರ ಫೋಟೋ ಕಾರ್ಯದರ್ಶಿಯವರದ್ದಕ್ಕಿಂತ ಸಣ್ಣ ಕಾಣ್ತದೆ ಹೇಳಿ ಗಲಾಟೆ. ಸ್ವಲ್ಪ ದೊಡ್ಡದು ಮಾಡ್ಬಹುದಾ?"

ಮಾಡಿದೆ. ಅಧ್ಯಕ್ಷರ ಭುಜದ ಹಿಂದೆ ಎಡಗೆನ್ನೆಯ ಅರ್ಧ ಮರೆಯಾಯಿತು.